ಎರಡು ತಟ್ಟಿದರೆ ಬಲಕ್ಕೆ

“ಯಕ್ಕಾ, ನಿಲ್ಲಸ್ರೀ! ಗಾಲಿ ಕಾಲುವ್ಯಾಗ ಇಳದೈತಿ!” ಕಬ್ಬು ಕಡಿಯುವವರು ಕೂಗುವಷ್ಟರಲ್ಲಿ ನಾನು ಹಿಂದಕ್ಕೆ ಬಿಡುತ್ತಿದ್ದ ನಮ್ಮ ಖಾಲಿ ಟ್ರೇಲರ್ ಎಡಕ್ಕೆ ವಾಲಿಬಿಟ್ಟಿತ್ತು. ಬ್ರೇಕ್ ಒತ್ತಿ, ಪಕ್ಕದಲ್ಲಿ ಮಡ್‌ಗಾರ್ಡಿನ ಮೇಲೆ ಕೂತಿದ್ದ ನಮ್ಮ ಮನೆಯವರ ಮುಖ ನೋಡಿದೆ.

ಅನಗವಾಡಿ ಸುತ್ತಿನ ಹೊಲಗಳಲ್ಲಿ ಇಪ್ಪತ್ತು ವರ್ಷ ಒಂದೇ ಕೈಯಲ್ಲಿ ಟ್ರೇಲರ್ ರಿವರ್ಸ್ ತೆಗೆದವರು ಅವರು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಟ್ರ್ಯಾಕ್ಟರ್ ನನ್ನ ಪಾಲಿಗೆ ಬಂತು. ಹಿಂದಕ್ಕೆ ಬಿಡುವಾಗ ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಬೇಕು. ಅದೊಂದು ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಅದಕ್ಕೇ ಅವರು ಎಡಗೈಯಿಂದ ಮಡ್‌ಗಾರ್ಡ್ ತಟ್ಟುತ್ತಿದ್ದರು. ಒಂದು ತಟ್ಟಿದರೆ ಸ್ಟೇರಿಂಗ್ ಎಡಕ್ಕೆ, ಎರಡು ತಟ್ಟಿದರೆ ಬಲಕ್ಕೆ. ಅಂದು ಎರಡು ತಟ್ಟಿದರು. ನಾನು ಯೋಚಿಸದೆ ಬಲಕ್ಕೆ ತಿರುಗಿಸಿದೆ. ತಟ್ಟಬೇಕಾಗಿದ್ದದ್ದು ಒಂದೇ ಸಲ.

ಅವರು ತಮ್ಮ ಎಡಗೈಯನ್ನೇ ನೋಡುತ್ತ ತೊದಲಿದರು: “ನಾ... ತಪ್ಪ ಹೇಳಿದ್ನೇನ?”

“ಇಲ್ರೀ, ನೀವು ಬರೋಬ್ಬರಿನ ಹೇಳಿದ್ರಿ. ನಾನ ಉಲ್ಟಾ ತಿರುವೀನಿ,” ಎಂದೆ.

ಹತ್ತು ಜನ ಹೆಗಲು ಕೊಟ್ಟು ಟ್ರೇಲರ್ ಮೇಲೆತ್ತಿದರು. ಇದು ಹೆಣ್ಣುಮಕ್ಕಳ ಕೆಲಸವಲ್ಲ ಎಂದು ಯಾರೋ ಗೊಣಗಿದರು. ಅದನ್ನೂ ನುಂಗಿಕೊಂಡೆ. ನನಗಿದ್ದ ಒಬ್ಬ ಗುರುವಿನ ಕೈಯಿಂದಲೂ ಆ ವಿದ್ಯೆ ಜಾರಿಹೋಗಿದೆ ಎಂಬುದು ಅದಕ್ಕಿಂತ ದೊಡ್ಡ ಪೆಟ್ಟಾಗಿತ್ತು.

ಈಗ ನಾನೇ ಹಿಂದಕ್ಕೆ ತಿರುಗಿ ನೋಡುತ್ತ ಟ್ರೇಲರನ್ನು ನೆಟ್ಟಗೆ ಹೊಲದೊಳಗೆ ಒಯ್ಯುತ್ತೇನೆ. ಅವರು ಇನ್ನೂ ತಟ್ಟುತ್ತಾರೆ, ಹೆಚ್ಚಿನ ಸಲ ತಪ್ಪಾಗಿ. ಟ್ರೇಲರ್ ಸರಿಯಾಗಿ ನಿಂತಾಗ, “ಈಗ ನನ್ನ ಮಾತ ಕೇಳಾಕತ್ತೀ ನೋಡ” ಎನ್ನುತ್ತಾರೆ. ನಾನು “ಹೂಂರೀ” ಎಂದು ಎಂಜಿನ್ ಬಂದ್ ಮಾಡುತ್ತೇನೆ.