ಕೆರೆ ಪ್ರಬಂಧದ ಮೊದಲ ಸಾಲು

ನಾನು ಚಿಕ್ಕವನಿದ್ದಾಗ ದೊಡ್ಡನೆಕ್ಕುಂದಿ ಕೆರೆಯ ಬಾಗಿಲು ನಮ್ಮ ಅಪ್ಪನ ಕೈಯಲ್ಲಿತ್ತು. ಅಪ್ಪ ಊರಿನ ನೀರಗಂಟಿ. ಕೆರೆಯ ನೀರನ್ನು ಯಾವತ್ತು ಬಿಡಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಹರಿಸಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಏರಿಯಿಂದ ಸ್ವಲ್ಪ ದೂರದಲ್ಲಿ, ನೀರಿನ ನಡುವೆ ಎರಡು ಕಲ್ಲುಕಂಬಗಳು ನಿಂತಿದ್ದವು. ಅವುಗಳ ಬುಡದಲ್ಲಿ, ಕಣ್ಣಿಗೆ ಕಾಣದ ಆಳದಲ್ಲಿ ತೂಬು ಇತ್ತು. ತೂಬು ಎಂದರೆ ಕೆರೆಯ ತಳದ ಒಂದು ಕಲ್ಲಿನ ಕಿಂಡಿ. ಅದಕ್ಕೊಂದು ಮರದ ಬಿರಡೆ. ಬಿರಡೆ ಎತ್ತಿದರೆ ನೀರು ಏರಿಯ ಅಡಿಯಲ್ಲಿ ಹಾದು, ಆಚೆ ಬದಿಯ ಕಾಲುವೆಗೆ ಬಂದು ಬೀಳುತ್ತಿತ್ತು.

ಆಗ ನಾನು ಆರನೇ ಕ್ಲಾಸು. ಬೇರೆ ಊರಿನಿಂದ ಹೊಸದಾಗಿ ಬಂದಿದ್ದ ಕನ್ನಡ ಮೇಷ್ಟ್ರು ‘ನಮ್ಮೂರ ಕೆರೆ’ ಎಂದು ಪ್ರಬಂಧ ಬರೆಯಲು ಹೇಳಿದರು. ನಾನು ದುಂಡಗಿನ ಅಕ್ಷರಗಳಲ್ಲಿ ಒಂದು ಪುಟ ತುಂಬಿಸಿದೆ. ‘ಕೆರೆ ಎಂದರೆ ನೀರು ನಿಲ್ಲುವ ಸ್ಥಳ. ಕೆರೆಯಿಂದ ನಮಗೆ ಅನೇಕ ಉಪಯೋಗಗಳಿವೆ’ ಎಂದು ಶುರು ಮಾಡಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಆ ಎರಡೂ ಸಾಲುಗಳನ್ನು ಹೊಡೆದುಹಾಕಿದರು.

“ನೀರು ನಿಲ್ಲೋ ಜಾಗ ಕೆರೆ ಅಂತ ನಂಗೆ ಗೊತ್ತಿಲ್ವೇನೋ?” ಎಂದರು. “ನಾನು ಈ ಊರಿಗೆ ಹೊಸಬ. ನಿಮ್ಮ ಕೆರೆ ಕಡೆ ಇನ್ನೂ ಹೋಗೇ ಇಲ್ಲ. ಮೊದಲನೇ ಸಾಲಲ್ಲೇ ನೀನು ನನ್ನ ಕೈ ಹಿಡ್ಕೊಂಡು ಅಲ್ಲಿಗೆ ಕರ್ಕೊಂಡು ಹೋಗ್ಬೇಕು. ಆಮೇಲೆ ನಾನು ವಾಪಸ್ ಬರ್ತೀನಿ ಅಂದ್ರೂ ಬಿಡಬಾರ್ದು. ಸೋಮವಾರ ಬರ್ಕೊಂಡು ಬಾ, ಎಲ್ಲರ ಮುಂದೆ ಓದು.”

“ನೀರಗಂಟಿ ಮಗನಿಗೇ ಕೆರೆ ಗೊತ್ತಿಲ್ಲ ಕಣ್ರೋ” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಕ್ಲಾಸೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ಭಾನುವಾರ ಬೆಳಿಗ್ಗೆ ಅಪ್ಪ ತೂಬು ಎತ್ತಲು ಹೊರಟಾಗ ನಾನೂ ಹಿಂದೆ ಹೋದೆ. ಏರಿಯ ಮೇಲೆ ಹೊಂಗೆಯ ಹೂವು ಭತ್ತದ ಅರಳಿನಂತೆ ಉದುರಿತ್ತು. ಬರಿಗಾಲಿಗೆ ಇಬ್ಬನಿ ತಣ್ಣಗೆ ತಾಗುತ್ತಿತ್ತು. ಗಾಳಿಯಲ್ಲಿ ಜೊಂಡಿನ ವಾಸನೆ, ಎಮ್ಮೆ ಮಿಂದ ಕೆಸರಿನ ವಾಸನೆ. ಏರಿಯ ಆಚೆ, ಒಣಗಿ ಬಿರುಕು ಬಿಡುತ್ತಿದ್ದ ಗದ್ದೆಗಳಲ್ಲಿ ಜನ ಗುದ್ದಲಿ ಹಿಡಿದು ಕಾಯುತ್ತಿದ್ದರು. ಒಂದು ವಾರದಿಂದ ಅವರ ಪೈರು ನೀರಿಲ್ಲದೆ ಬಾಡಿತ್ತು.

ಅಪ್ಪ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೆರೆಗೆ ಇಳಿದ. ಈಜಿಕೊಂಡು ಹೋಗಿ ಕಂಬ ಹಿಡಿದು, ಬಿರಡೆಗೆ ಕಟ್ಟಿದ್ದ ಉದ್ದನೆಯ ಬಿದಿರಿನ ಗಳುವನ್ನು ಎಳೆದ. ಅದು ಅಲುಗಲಿಲ್ಲ. ಮತ್ತೆ ಎಳೆದ. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಎದೆ ತುಂಬ ಉಸಿರು ಎಳೆದುಕೊಂಡು ಮುಳುಗಿಬಿಟ್ಟ.

ನಾನು ಎಣಿಸತೊಡಗಿದೆ. ಹತ್ತಕ್ಕೆ ನೀರಿನ ಮೇಲಿನ ಬಳೆಗಳು ಅಗಲವಾದವು. ಇಪ್ಪತ್ತಕ್ಕೆ ಅವೂ ಅಳಿಸಿಹೋದವು. ಕೆರೆ ಏನೂ ಆಗಿಲ್ಲವೆಂಬಂತೆ ನುಣ್ಣಗೆ ಮಲಗಿತು. ಒಂದು ಬೆಳ್ಳಕ್ಕಿ ಬಂದು ಅಪ್ಪ ಹಿಡಿದಿದ್ದ ಕಂಬದ ಮೇಲೆಯೇ ಕೂತಿತು. ನಲವತ್ತಕ್ಕೆ “ಅಪ್ಪಾ” ಎಂದು ಕೂಗಿದೆ. ಐವತ್ತು ದಾಟಿದ ಮೇಲೆ ಯಾವ ಸಂಖ್ಯೆ ಬರುತ್ತದೆ ಎನ್ನುವುದೇ ಮರೆತುಹೋಯಿತು.

ಆಗ ನನ್ನ ಅಂಗಾಲಿನ ಕೆಳಗೆ ಏರಿ ಗುಡುಗಿತು. ಬೆಚ್ಚಿ ಹಿಂದಿರುಗಿ ನೋಡಿದೆ. ಆಚೆ ಬದಿಯ ಕಲ್ಲಿನ ಬಾಯಿಂದ ಮೊದಲು ಕೊಳೆತ ಎಲೆ, ಕಪ್ಪು ಕೆಸರು ಬಂದವು. ಹಿಂದೆಯೇ ಆನೆಯ ಸೊಂಡಿಲಿನಷ್ಟು ದಪ್ಪದ ನೀರು ಭೋರೆಂದು ನುಗ್ಗಿತು. ಪುಟ್ಟ ಮೀನುಗಳು ಬಿಸಿಲಲ್ಲಿ ಫಳಫಳ ಹಾರಿ ಕಾಲುವೆಗೆ ಬಿದ್ದವು. ದೊಡ್ಡವರೆಲ್ಲ ಮಕ್ಕಳಂತೆ ಕೂಗುತ್ತ ಗದ್ದೆಯಿಂದ ಓಡಿ ಬಂದರು. ಮತ್ತೆ ಕೆರೆಯ ಕಡೆ ತಿರುಗಿದರೆ, ಅಪ್ಪ ಕಂಬವನ್ನು ತಬ್ಬಿಕೊಂಡು ಏದುಸಿರು ಬಿಡುತ್ತಿದ್ದ.

ದಡಕ್ಕೆ ಬಂದಾಗ ಅವನ ಬೆರಳ ಗೆಣ್ಣು ಕಿತ್ತು ರಕ್ತ ಬರುತ್ತಿತ್ತು. “ಎದರ್ಕಂಡ್ಯೇನ್ಲಾ?” ಎಂದು ನಕ್ಕ.

“ಒಳ್ಗೆ ಏನೈತಪ್ಪಾ?”

“ಬರೀ ಕತ್ಲು. ಬಿರಡೆ ಎತ್ತುತ್ಲೂವೆ ನೀರು ಕಾಲ್ನ ಇಡ್ಕಂಡು ಎಳೀತದೆ. ಆಗ ಒದ್ದಾಡಬಾರ್ದು ಕಣ್ ಮಗಾ. ಕಂಬ ತಬ್ಕಂಡು ಸುಮ್ಕಿರ್ಬೇಕು. ಅದೇ ಬಿಡ್ತದೆ.” ಸ್ವಲ್ಪ ದೂರ ನಡೆದ ಮೇಲೆ, “ಅಕ್ಕಂಗೆ ಯೇಳ್ಬ್ಯಾಡ” ಎಂದ.

ಅವ್ವ ತೀರಿಕೊಂಡ ಮೇಲೆ ಅಕ್ಕ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಮನೆಯನ್ನು ಅವಳೇ ನಡೆಸುತ್ತಿದ್ದಳು. ಅವತ್ತು ಸಂಜೆ ಅವಳು ರಾಗಿ ಬೀಸುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ಪ್ರಬಂಧಕ್ಕೆ ಬರೆದಿದ್ದ ಒಂದೊಂದೇ ಆರಂಭವನ್ನು ಓದಿ ಹೇಳಿದೆ. ‘ನಮ್ಮೂರ ಕೆರೆ ಬಹಳ ವಿಶಾಲವಾಗಿದೆ.’ ಬೀಸುವ ಕಲ್ಲು ಗರಗರ ತಿರುಗುತ್ತಲೇ ಇತ್ತು. ‘ಕೆರೆಯು ಊರಿನ ಕಣ್ಣಿದ್ದಂತೆ.’ “ಊಂ, ಚೆಂದಾಗೈತೆ” ಎಂದು ಅಕ್ಕ ಇನ್ನೊಂದು ಹಿಡಿ ರಾಗಿ ಹಾಕಿದಳು. ನನಗೆ ಅಳು ಬಂತು. ಎಲ್ಲವನ್ನೂ ಹೊಡೆದುಹಾಕಿದೆ. ಬೆಳಗಿನಿಂದ ಎದೆಯೊಳಗೆ ಕೂತಿದ್ದುದನ್ನು ಹಾಗೆಯೇ ಬರೆದು ಓದಿದೆ.

‘ಅಪ್ಪ ನೀರಿನೊಳಗೆ ಹೋದ. ನಾನು ಐವತ್ತರವರೆಗೆ ಎಣಿಸಿದೆ. ಅಪ್ಪ ಮೇಲೆ ಬರಲಿಲ್ಲ.’

ಬೀಸುವ ಕಲ್ಲು ನಿಂತಿತು.

“ಯಾವಾಗ್ಲಾ? ಆಮ್ಯಾಕೇನಾಯ್ತು?” ಅಕ್ಕನ ಮುಖ ಬಿಳುಚಿತ್ತು. ಅಪ್ಪ ಎದುರಿಗೇ ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ. ಅವನಿಗೆ ಏನೂ ಆಗಿಲ್ಲವೆಂದು ಅಕ್ಕನಿಗೆ ಕಾಣುತ್ತಲೇ ಇತ್ತು. ಆದರೂ ಅವಳ ಹಿಡಿಯಲ್ಲಿದ್ದ ರಾಗಿ ನೆಲಕ್ಕೆ ಚೆಲ್ಲಿತ್ತು. ಮೂರು ಪುಟ್ಟ ಸಾಲುಗಳು ಅವಳನ್ನು ಹಾಗೇ ಎತ್ತಿಕೊಂಡು ಹೋಗಿ ಏರಿಯ ಮೇಲೆ ನಿಲ್ಲಿಸಿಬಿಟ್ಟಿದ್ದವು. ನನ್ನ ಕೈಯಲ್ಲಿದ್ದ ಪೆನ್ಸಿಲ್ ತುಂಡನ್ನು ನಾನೇ ಭಯದಿಂದ ನೋಡಿದೆ.

“ಇಲ್ಲೇ ಕುಂತಿವ್ನಿ ಕಣವ್ವಾ” ಎಂದ ಅಪ್ಪ, ತಪ್ಪು ಮಾಡಿದವನ ಹಾಗೆ. ಅಕ್ಕ ಎದ್ದು ಹೋಗಿ ಅವನ ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು, ಕಟ್ಟುವಷ್ಟು ಹೊತ್ತೂ ಬೈದಳು.

ಸೋಮವಾರ ಕ್ಲಾಸಿನಲ್ಲಿ ಓದಿದಾಗ ಯಾರೂ ನಗಲಿಲ್ಲ. ಮೇಷ್ಟ್ರು ಚೆನ್ನಾಗಿದೆ ಎನ್ನಲಿಲ್ಲ, ಅಂಕವನ್ನೂ ಕೊಡಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಜೊತೆ ನಡೆದು ನೇರವಾಗಿ ನಮ್ಮ ಮನೆಗೇ ಬಂದರು. ಅಪ್ಪ ಗಾಬರಿಯಿಂದ ಹೆಗಲ ಮೇಲಿನ ಟವಲ್ಲು ತೆಗೆದು ಎದ್ದು ನಿಂತ. ಮೇಷ್ಟ್ರೇ ಮೊದಲು ಕೈ ಮುಗಿದರು. ಆಮೇಲೆ ಜಗಲಿಯಲ್ಲಿ ಕೂತು ಇಡೀ ಪ್ರಬಂಧವನ್ನು ಗಟ್ಟಿಯಾಗಿ ಓದಿದರು. ಅಪ್ಪ ಇನ್ಯಾರದೋ ಕಥೆ ಕೇಳುವವನಂತೆ ಬಾಯಿ ತೆರೆದು ಕೇಳಿದ.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. “ಇದ್ರಾಗೆ ನಾನು ಎಲ್ಲಿವ್ನಿ ಸ್ವಾಮಿ?” ಎಂದು ಕೇಳಿದ. ಮೇಷ್ಟ್ರು ಮೊದಲ ಸಾಲಿನ ಮೊದಲ ಪದದ ಮೇಲೆ ಬೆರಳಿಟ್ಟು ತೋರಿಸಿದರು. ಅಪ್ಪ ಬಟ್ಟೆ ಕಟ್ಟಿದ್ದ ಬೆರಳಿನಿಂದ ಆ ಪದವನ್ನು ಮೆಲ್ಲಗೆ ಮುಟ್ಟಿದ. ಅಷ್ಟು ದೊಡ್ಡ ಕೆರೆಗೆ ಹೆದರದವನು, ಎರಡೇ ಎರಡು ಅಕ್ಷರಗಳ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದ.

ಈಗ ಆ ಗದ್ದೆಗಳಿದ್ದ ಕಡೆ ಆಫೀಸುಗಳೂ ಅಪಾರ್ಟ್‌ಮೆಂಟುಗಳೂ ನಿಂತಿವೆ. ಅಂಥದ್ದೊಂದರ ಹನ್ನೊಂದನೇ ಮಹಡಿಯಲ್ಲಿ ನಾವು ಇದ್ದೇವೆ. ಕಳೆದ ವಾರ ಮೊಮ್ಮಗಳಿಗೆ ಶಾಲೆಯಲ್ಲಿ ‘ನೀರು’ ಎಂದು ಪ್ರಬಂಧ ಕೊಟ್ಟಿದ್ದರು. ಫೋನನ್ನು ಕೇಳಿದಳು, ಅದು ಕಣ್ಣು ಮಿಟುಕಿಸುವುದರೊಳಗೆ ‘ನೀರು ಸಕಲ ಜೀವಿಗಳಿಗೂ ಅತ್ಯಗತ್ಯ’ ಎಂದು ಬರೆದುಕೊಟ್ಟಿತು. ಅವಳು ಅದನ್ನು ಎರಡು ಸಲ ಓದಿ, ಫೋನನ್ನು ಬೋರಲು ಹಾಕಿದಳು.

“ತಾತ, ನಮ್ಮನೆ ಇಷ್ಟು ಮೇಲಿದ್ಯಲ್ಲಾ, ನೀರನ್ನ ಇಲ್ಲೀವರೆಗೂ ಯಾರು ಹತ್ತಿಸ್ತಾರೆ?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಮ್ಮ ಕಾಲದ ನೀರು ಕೆಳಕ್ಕೆ ಹರಿಯುತ್ತಿತ್ತು, ಅದನ್ನು ಬಿಡುವವನು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಇವರ ನೀರು ಹನ್ನೊಂದು ಮಹಡಿ ಹತ್ತಿ ಬಂದು ನಲ್ಲಿಯಲ್ಲಿ ಸುಮ್ಮನೆ ಇಳಿಯುತ್ತದೆ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವಳು ನೋಟ್‌ಬುಕ್ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿದು, ಪಂಪ್ ನೋಡಿಕೊಳ್ಳುವ ಅಣ್ಣನನ್ನು ಮಾತಾಡಿಸಿ, ಕೈಗೆ ಗ್ರೀಸ್ ಮೆತ್ತಿಕೊಂಡು ವಾಪಸ್ ಬಂದಳು. ಬಂದವಳೇ ನೆಲದ ಮೇಲೆ ಕೂತು ಬರೆಯತೊಡಗಿದಳು. ಏನು ಬರೆದಿದ್ದಾಳೆಂದು ಇಣುಕಲು ಹೋದರೆ, ಪುಟಕ್ಕೆ ಕೈ ಅಡ್ಡ ಇಟ್ಟು, “ಇನ್ನೂ ಆಗಿಲ್ಲ, ಹೋಗಿ ತಾತ” ಎಂದಳು.