ಗಂಧದ ಮೇಲಿನ ಹೆಬ್ಬೆಟ್ಟು

ಹೋದ ಶ್ರಾವಣದಲ್ಲಿ ನಾನು ದೇವರಿಗೇ ಮೋಸ ಮಾಡಲು ಹೋಗಿ ಸಿಕ್ಕಿಬಿದ್ದೆ. ಅವನ ಮೇಲಿನ ಸಿಟ್ಟು ಇಳಿಯಲೆಂದು ವರ್ಷವಿಡೀ ಕಾದೆ, ಪೂರಾ ಇಳಿಯಲಿಲ್ಲ. ಆದರೂ ಅವನು ಮಾಡಿದ ಉಪಕಾರವನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳದಿದ್ದರೆ ಉಂಡ ಮನೆಗೆ ದ್ರೋಹ ಬಗೆದಂತೆ ಎಂದು ಬರೆಯುತ್ತಿದ್ದೇನೆ.

ನಾನು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಹನುಮಪ್ಪನ ಗುಡಿಯ ಅರ್ಚಕ. ನನ್ನ ಸಿಟ್ಟು ಸುತ್ತಲಿನ ಹಳ್ಳಿಗೆಲ್ಲ ಗೊತ್ತು. ಬೆನ್ನ ಹಿಂದೆ ನನ್ನನ್ನು ‘ಕರ್ಪೂರದ ಆಚಾರ್ರು’ ಎನ್ನುತ್ತಾರೆ, ಕಡ್ಡಿ ತೋರಿಸಿದರೆ ಸಾಕಂತೆ. ನಮ್ಮ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ಹನುಮಪ್ಪನ ಎರಡೂ ಭುಜಕ್ಕೆ ಒಂದೊಂದು ಕಣಗಿಲೆ ಹೂವನ್ನು ಚೂರು ಗಂಧದಿಂದ ಹಚ್ಚುತ್ತೇನೆ. ಮನಸ್ಸಿನ ಮಾತನ್ನು ಭಕ್ತರು ಕೇಳಿಕೊಳ್ಳುತ್ತಾರೆ. ಬಲಗಡೆಯ ಹೂ ಬಿದ್ದರೆ ಒಂದು ಉತ್ತರ, ಎಡಗಡೆಯದು ಬಿದ್ದರೆ ಇನ್ನೊಂದು. ಎಷ್ಟೋ ಮದುವೆ, ಎಷ್ಟೋ ಹೊಲದ ವ್ಯವಹಾರ ಈ ಹೂವಿನ ಮೇಲೆ ನಿಂತಿವೆ.

ನಮಗೆ ಒಬ್ಬಳೇ ಮಗಳು, ವೈದೇಹಿ. ಪಿಯುಸಿಯಲ್ಲಿ ಚೆನ್ನಾಗಿ ಅಂಕ ಬಂದವು, ಅಲ್ಲಿಂದಲೇ ನನ್ನ ನೆಮ್ಮದಿ ಹಾಳಾಯಿತು. ರಾಯಚೂರಿನಲ್ಲಿರುವ ನನ್ನ ಹೆಂಡತಿಯ ತಮ್ಮ ಗೋಪಾಲ ಮೊದಲ ದಿನವೇ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯದ ಪುಸ್ತಕ ಹಿಡಿದುಕೊಂಡು ಬಂದ. ಇಡೀ ಒಂದು ಹಗಲು ರೈಲಿನಲ್ಲಿ ಕೂತರೆ ಮುಟ್ಟುವ ಊರು. ಗಾಜಿನ ಕಟ್ಟಡ, ಹುಲ್ಲಿನ ಮೇಲೆ ಕೂತು ನಗುವ ಹುಡುಗಿಯರು. ಅವನ ಇಬ್ಬರು ಮಕ್ಕಳೂ ಅಲ್ಲೇ ಓದಿದ್ದಾರೆ. “ಭಾವಾ, ಕಂಪ್ಯೂಟರ್ ಸೀಟು ನಾ ಕೊಡಸ್ತೀನಿ. ಗುಡಿ ಪೂಜಾರಿ ಮಗಳು ಅಂತ ಎಷ್ಟು ದಿನ ಅನ್ಸಕೊಳ್ಳೋದು?” ಎಂದ. ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಆ ಸಿಟ್ಟಿನಲ್ಲೇ “ಆಯ್ತು, ಅಲ್ಲೇ ಹಾಕೋಣ” ಎಂದು ಮಾತು ಕೊಟ್ಟುಬಿಟ್ಟೆ. ಊರಲ್ಲೂ ಸಾರಿದೆ.

ಆಮೇಲೆ ಆ ವಿಶ್ವವಿದ್ಯಾಲಯದವರ ಫೋನು ಶುರುವಾಯಿತು. ದಿನಾ ಬೆಳಿಗ್ಗೆ ಸರಿಯಾಗಿ ಅಭಿಷೇಕದ ಹೊತ್ತಿಗೆ. “ಸರ್, ಸೀಟು ಮುಗೀತಾ ಇವೆ ಸರ್.” ಕೈಯಲ್ಲಿ ಹಾಲಿನ ತಂಬಿಗೆ, ಪಂಚೆಯ ಮಡಿಲಲ್ಲಿ ಕುಣಿಯುವ ಫೋನು. ಮಂತ್ರ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ಮರೆತು ಹೋಗುತ್ತಿತ್ತು. ಅಂಥವರ ಬಾಯಿಗೆ ಮಣ್ಣು ಹಾಕಬೇಕು ಎಂದು ದೇವರ ಮುಂದೆಯೇ ಬೈದಿದ್ದೇನೆ.

ವೈದೇಹಿ ಮಾತ್ರ ತನ್ನ ದಾರಿ ತಾನು ಹಿಡಿದಳು. ಸರಕಾರಿ ಸೀಟಿನ ಕೌನ್ಸೆಲಿಂಗ್‌ನಲ್ಲಿ ತಾನೇ ಕಾಲೇಜುಗಳ ಪಟ್ಟಿ ತುಂಬಿದಳು. ರಾಯಚೂರಿನ ಸರಕಾರಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸೀಟು ಬಂತು. ಶನಿವಾರ ಸಂಜೆ ಐದರೊಳಗೆ ಫೋನಿನಲ್ಲಿ ‘ಒಪ್ಪಿದೆ’ ಎಂದು ಒತ್ತಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ.

ನಾನು ಕುಣಿದಾಡಿಬಿಟ್ಟೆ. “ಹೆಣ್ಣುಡುಗಿ ಕಂಬ ಹತ್ತೋ ಕೆಲಸಕ್ಕ ಹೊಂಟಾಳ! ಮಾನ ಮರ್ಯಾದಿ ಅದ ಏನ್ ನಿನಗ?”

“ಅಪ್ಪಾ, ನಾ ಕಂಬ ಹತ್ತಾಕ ಹೊಂಟಿಲ್ಲ. ಹತ್ತನೇ ಕ್ಲಾಸಿನ್ಯಾಗ ಇದ್ದಾಗ ಸಾಲಿಯಿಂದ ಶಕ್ತಿನಗರದ ಕರೆಂಟ್ ಕಾರ್ಖಾನಿಗೆ ಕರ್ಕೊಂಡು ಹೋಗಿದ್ರಲ್ಲ, ಆವತ್ತು ಆ ದೊಡ್ಡ ಯಂತ್ರ ತಿರುಗೋದು ನೋಡೀನಿ. ಅದು ಹೆಂಗ ತಿರುಗತದ ಅಂತ ತಿಳ್ಕೋಬೇಕು. ಅಷ್ಟ.”

“ಗೋಪಾಲಗ ಮಾತು ಕೊಟ್ಟೀನಿ.”

“ನನ್ನ ಕೇಳಿ ಕೊಟ್ರೇನು?”

ಹೆಂಡತಿ ನಡುವೆ ಬಂದಳು. “ರೀ, ಊರಿಗೆಲ್ಲ ಹೂ ಹಚ್ಚಿ ಕೇಳ್ತೀರಿ. ನಮ್ಮ ಮನಿ ಮಾತು ಬಂದಾಗ ಹನುಮಪ್ಪ ಬ್ಯಾಡಾದ್ನೇನು?” ವೈದೇಹಿ, “ಕೇಳ್ರಿ ಅಪ್ಪಾ. ಅಂವ ಏನ್ ಹೇಳ್ತಾನೋ ಅದಕ್ಕ ನಾ ತಯಾರಿದ್ದೀನಿ” ಎಂದಳು. ಅವಳ ದನಿಯಲ್ಲಿ ಎಳ್ಳಷ್ಟೂ ಸಂಶಯ ಇರಲಿಲ್ಲ. ನನ್ನ ಮನಸ್ಸಿನಲ್ಲಿದ್ದುದು ಬೇರೆ.

ಶನಿವಾರ ಬೆಳಿಗ್ಗೆ ಒಬ್ಬನೇ ಗರ್ಭಗುಡಿಗೆ ಹೋದೆ. ಬಲಗಡೆಯ ಹೂ ಗೋಪಾಲ ಹೇಳಿದ ವಿಶ್ವವಿದ್ಯಾಲಯಕ್ಕೆ, ಎಡಗಡೆಯದು ರಾಯಚೂರಿಗೆ. ಬಲಗಡೆಯ ಹೂವಿಗೆ ಗಂಧವನ್ನು ಸೋಕಿಸಿದೆ ಅಷ್ಟೇ. ಎಡಗಡೆಯದಕ್ಕೆ ಲಿಂಬೆಹಣ್ಣಿನಷ್ಟು ಗಂಧ ಮೆತ್ತಿ, ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ಅಂಟಿಸಿದೆ. ಪೂಜೆಗೆ ನಿಂತ ಇಷ್ಟು ವರ್ಷದಲ್ಲಿ ಇಂಥ ಕೆಲಸ ಮಾಡಿದವನಲ್ಲ.

ಆಮೇಲೆ ಎಲ್ಲರ ಮುಂದೆ ಸಂಕಲ್ಪ ಹೇಳಿದೆ. ಯಾವಾಗಲೂ ಹೇಳುವ ಮಾತೇ, ಬಾಯಿಗೆ ರೂಢಿಯಾದದ್ದು: “ಈ ಮಗುವಿಗೆ ಯಾವುದು ಹಿತವೋ ಅದನ್ನೇ ಕೊಡು ಸ್ವಾಮಿ.”

ಶ್ರಾವಣ ಶನಿವಾರವಾದ್ದರಿಂದ ಜನ ಇತ್ತು. ದೇವದುರ್ಗದ ಕಡೆಯಿಂದ ಮೊದಲ ಬಸ್ಸಿಗೆ ಬಂದ ಹುಲಿಗೆಮ್ಮ ಎಂಬ ಕೂಲಿ ಮಾಡುವ ಮುದುಕಿ ತನ್ನ ಪಾಳಿಗಾಗಿ ಕಂಬಕ್ಕೆ ಒರಗಿ ಕೂತಿದ್ದಳು. ವೈದೇಹಿ ಗರ್ಭಗುಡಿಯ ಹೊಸ್ತಿಲ ಹೊರಗೆ ಕೈಮುಗಿದು ನಿಂತಿದ್ದಳು. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಸೋಕಿಸಿದ್ದ ಬಲಗಡೆಯ ಹೂ ಮಿಸುಕಲಿಲ್ಲ. ನಾನು ಮನಸ್ಸಿನಲ್ಲೇ ಅವನನ್ನು ಬೈಯತೊಡಗಿದೆ. ಚಳಿ ಮಳೆ ಎನ್ನದೆ ನಿನಗೆ ನೀರು ಹಾಕಿದ್ದೇನೆ, ಒಂದು ಹೂ ಬೀಳಿಸಲು ನಿನಗೆ ಏನು ಧಾಡಿ? ಕಲ್ಲೇ ನೀನು, ಕಲ್ಲು!

ಅಷ್ಟರಲ್ಲಿ ‘ದಪ್’ ಎಂದು ಸದ್ದಾಯಿತು. ಹೂ ಬಿದ್ದರೆ ಸದ್ದಾಗುವುದುಂಟೇ? ಎಡಗಡೆಯದು ಬಿದ್ದಿತ್ತು. ಹಸಿ ಗಂಧದ ಆ ಮುದ್ದೆ ತನ್ನ ಭಾರಕ್ಕೆ ತಾನೇ ಜಾರಿ, ಹೂವನ್ನೂ ಎಳೆದುಕೊಂಡು, ಉರುಳಿ ಹೊಸ್ತಿಲಿಗೆ ಬಂದು ನಿಂತಿತು. ಅರ್ಚಕನಾಗಿ ಇಷ್ಟು ಗಂಧ ಭಾರಕ್ಕೆ ಜಾರುತ್ತದೆ ಎಂಬುದೂ ನನಗೆ ಹೊಳೆದಿರಲಿಲ್ಲ. ಸಿಟ್ಟಿನ ಕೈಗೆ ಬುದ್ಧಿ ಎಲ್ಲಿಯದು?

ಹುಲಿಗೆಮ್ಮ ಎದ್ದು ಬಂದು ಬಗ್ಗಿ ನೋಡಿದಳು. “ಯಪ್ಪಾ ಆಚಾರ್ರ, ಹೂವಿನ ಹಿಂದ ಏನ್ರೀ ಅದು? ರೊಟ್ಟಿ ಹಿಟ್ಟಿನಂಗ ಮೆತ್ತೀರಿ!”

ಮುದುಕಿಯ ಮುಖ ಬದಲಾಯಿತು. “ಹೋದ ವರ್ಷ ಮೊಮ್ಮಗಳ ಸಾಲಿ ಬಿಡಿಸ್ಲೋ ಬ್ಯಾಡೋ ಅಂತ ಕೇಳಾಕ ಬಂದಿದ್ನಲ್ರೀ. ಓದಿಸು ಅಂತ ಹೂ ಬಿತ್ತು. ಆವತ್ತೂ ಹಿಂಗ ಹಚ್ಚಿದ್ರೇನು?”

“ಇಲ್ಲವ್ವಾ! ಹನುಮಪ್ಪನ ಆಣಿ, ಇಲ್ಲ!”

“ಆಣಿ ಬ್ಯಾಡ್ರಿ. ನನ್ನ ಮೊಮ್ಮಗಳು ಓದಾಕತ್ಯಾಳ. ಅಂವ ಹೇಳ್ಯಾನಂತ ನಾ ಬಿಸಲಾಗ ದುಡಿಯಾಕತ್ತೀನಿ. ನಿಮ್ಮ ಮಗಳಿಗೂ ಅಂವ ಹೇಳ್ಯಾನ. ಕೇಳ್ರಿ.”

ಆ ದಿನ ಯಾರಾದರೂ ನನ್ನ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ಕೈಯ ಹೂ ನಂಬಿ ಒಬ್ಬಳು ಬಿಸಿಲಲ್ಲಿ ದುಡಿಯುತ್ತಿದ್ದಾಳೆ, ನಾನು ಅದೇ ಹೂವಿಗೆ ಮೋಸದ ಗಂಧ ಹಚ್ಚಿದ್ದೆ.

ವೈದೇಹಿ ಬಗ್ಗಿ ಆ ಮುದ್ದೆಯನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಗಂಧದ ಮೇಲೆ ನನ್ನ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತ್ತು. ಅತ್ತಾಳು, ಕೂಗಾಡಿಯಾಳು ಎಂದುಕೊಂಡೆ. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ಸಣ್ಣ ದನಿಯಲ್ಲಿ, “ಅಪ್ಪಾ, ನೀವು ಸಹಿ ಮಾಡಿಬಿಟ್ಟೀರಿ. ಇನ್ನ ನಾ ಒತ್ಲೇನು?” ಎಂದಳು.

ತಲೆಯಾಡಿಸಿದೆ. ಗುಡಿಯ ಕಟ್ಟೆಯ ಮೇಲೆ ಕೂತು ಅವಳು ಫೋನಿನಲ್ಲಿ ಒತ್ತಿದಳು. ಗೋಪಾಲ ವಿಷಯ ತಿಳಿದು ಹಾರಾಡಿದ, ಆರು ತಿಂಗಳು ಮಾತು ಬಿಟ್ಟ. ಬಿಟ್ಟರೆ ಬಿಡಲಿ, ಅವನ ಮಾತಿಲ್ಲದೆ ನನ್ನ ಹೊಟ್ಟೆಗೆ ಅನ್ನ ಇಳಿಯದೇನು?

ಸೇರುವ ದಿನ ಮಾನ್ವಿಯಿಂದ ಬಸ್ಸಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದೆ: ಬಸ್ಸು ಸರಿಯಿಲ್ಲ, ಕಂಡಕ್ಟರ್ ಸರಿಯಿಲ್ಲ, ಕಾಲೇಜಿನ ಗೋಡೆಗೆ ಸುಣ್ಣ ಕಂಡು ಎಷ್ಟು ವರ್ಷವಾಯಿತೋ. ಪ್ರಯೋಗಶಾಲೆಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಮೇಷ್ಟ್ರು ಹಳೆಯ ಮೋಟಾರೊಂದನ್ನು ಬಿಚ್ಚಿಟ್ಟಿದ್ದರು. ವೈದೇಹಿ ಚಪ್ಪಲಿ ಬಿಟ್ಟು ಒಳಗೆ ಹೋದಳು, ಗುಡಿಗೆ ಹೋದ ಹಾಗೆ. “ಏ ಹುಡುಗಿ, ಚಪ್ಪಲಿ ಹಾಕ್ಕೋ, ಕರೆಂಟ್ ಹೊಡದೀತು!” ಎಂದು ಮೇಷ್ಟ್ರು ಬೈದರು. ಅವಳು ನಕ್ಕಳು. ಪರೀಕ್ಷೆಯ ಫಲಿತಾಂಶ ಬಂದ ದಿನದಿಂದ ನಮ್ಮ ಮನೆಯಲ್ಲಿ ಆ ನಗು ಕೇಳಿರಲಿಲ್ಲ. ಅದನ್ನು ಅಡಗಿಸಿದವನು ನಾನೇ ಎಂದು ಆಗ ತಿಳಿಯಿತು, ಕಣ್ಣು ತುಂಬಿ ಬಂತು.

ಈಗ ಪ್ರಸಾದ ಕೇಳಲು ಬರುವವರೆಲ್ಲ “ಆಚಾರ್ರ, ಮೊದಲ ಗಂಧ ತೋರಸ್ರಿ” ಎನ್ನುತ್ತಾರೆ. ಮೈ ಉರಿಯುತ್ತದೆ. ಆದರೂ ಎರಡೂ ಹೂ ಅಂಗೈಯಲ್ಲಿಟ್ಟು ತೋರಿಸಿಯೇ ಹಚ್ಚುತ್ತೇನೆ. ಹುಲಿಗೆಮ್ಮನಂತೂ ಕನ್ನಡಕ ಹಾಕಿಕೊಂಡು ನೋಡುತ್ತಾಳೆ.

ಭಕ್ತರೇ, ನನ್ನ ಸಿಟ್ಟು ಹೋಗಿಲ್ಲ, ಸಾಯುವ ತನಕ ಹೋಗುವುದೂ ಇಲ್ಲ. ನಂಬಿಕೆ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ಆ ದಿನ ನಾನು ಹನುಮಪ್ಪನಿಗೆ ಎರಡು ಪ್ರಾರ್ಥನೆ ಮಾಡಿದ್ದೆ, ಒಂದು ಬಾಯಿಂದ, ಒಂದು ಹೆಬ್ಬೆಟ್ಟಿನಿಂದ. ನನ್ನ ಪುಣ್ಯ, ಅವನು ಬಾಯಿಯ ಮಾತನ್ನೇ ನಂಬಿದ.