ಕಂಪ್ಯೂಟರಿಗೆ ತಂಡಿ ಆಗಬಾರದು

ಒಂದು ಶುಕ್ರವಾರ ಬೆಳಿಗ್ಗೆ ದೋಸೆ ತಿಂದು, ಕೈ ತೊಳೆದುಕೊಂಡು ಬಂದು ಗುಂಡಿ ಒತ್ತಿದಾಗ ನಮ್ಮ ಕಂಪ್ಯೂಟರ್ ಕೂಗುವುದಕ್ಕೆ ಶುರು ಮಾಡಿತು. ಡಬ್ಬಿಯ ಮುಂದಿನ ಹಸಿರು ದೀಪ ಹತ್ತಿತು, ಹಿಂದಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ದಿನಾ ಏಳುವಾಗ ಒಂದು ಸಣ್ಣ ‘ಪಿಕ್’ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲದ ಯಂತ್ರ ಅದು. ಈಗ ಒಳಗಿಂದ ಉದ್ದಕ್ಕೆ ಕೂಗಿತು, ಸ್ವಲ್ಪ ಸುಮ್ಮನಾಯಿತು, ಮತ್ತೆ ಅಷ್ಟೇ ಉದ್ದಕ್ಕೆ ಕೂಗಿತು.

ಯಾರೇ ಆದರೂ ಮಾಡುವುದನ್ನೇ ನಾನೂ ಮಾಡಿದೆ. ಆರಿಸಿ ಮತ್ತೆ ಹಾಕಿದೆ, ಪ್ಲಗ್ ಕಿತ್ತು ಮತ್ತೆ ಚುಚ್ಚಿದೆ. ಮಾನಿಟರಿನ ತಲೆಗೆ ಎರಡು ಬಡಿದೆ, ಆಮೇಲೆ ಡಬ್ಬಿಗೂ ಒಂದು ಕೊಟ್ಟೆ. ನನಗೆ ಸಿಟ್ಟು ಬಂದರೆ ಕೈ ಮುಂದೆ, ಬುದ್ಧಿ ಹಿಂದೆ. ಕೂಗು ಒಂದಿಷ್ಟೂ ಬದಲಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾವಿದ್ದದ್ದು ಕೆರೆಕಟ್ಟೆಯ ಕಡೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮದುವೆಗೆ ಮೊದಲು ಶೃಂಗೇರಿಯಲ್ಲಿ ನಾನು ಕನ್ನಡ ಟೈಪಿಂಗ್ ಕಲಿತಿದ್ದೆ. ಆ ಒಂದು ವಿದ್ಯೆಯನ್ನು ನಂಬಿಕೊಂಡು, ಹಟ ಹಿಡಿದು, ಹಳೆಯದೊಂದು ಕಂಪ್ಯೂಟರ್ ಮನೆಗೆ ತರಿಸಿದ್ದೆ. ಕೊಪ್ಪದ ಒಂದು ಪ್ರೆಸ್ಸಿನವರು ಕೈಬರಹದ ಹಾಳೆಗಳನ್ನು ಕಳಿಸುತ್ತಿದ್ದರು. ನಾನು ಟೈಪ್ ಮಾಡಿ ಫ್ಲಾಪಿಯಲ್ಲಿ ತುಂಬಿ ಕೊಡುತ್ತಿದ್ದೆ. ಅಡುಗೆ, ಕೊಟ್ಟಿಗೆ, ನೆಂಟರು ಎಲ್ಲವೂ ಮನೆಯ ಕೆಲಸ. ಇದೊಂದು ಮಾತ್ರ ನನ್ನದು. ಅದರ ಮುಂದೆ ಕೂತಾಗ ನನ್ನನ್ನು ಯಾರಾದರೂ ಕರೆದರೆ ‘ಕೆಲಸದಲ್ಲಿದ್ದೇನೆ’ ಅನ್ನುವುದರಲ್ಲಿ ಎಂಥ ಸುಖವಿತ್ತು ಎಂದು ಈಗಲೂ ನೆನಪಾಗುತ್ತದೆ.

ಆ ಸಲ ಬಂದದ್ದು ದೊಡ್ಡ ಕೆಲಸ, ಒಂದು ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ. ಪ್ರೆಸ್ಸಿನವರು ಮೊದಲೇ ಖಡಾಖಂಡಿತ ಹೇಳಿದ್ದರು: “ಸೋಮವಾರ ನನ್ನ ಕೈಗೆ ಬರಬೇಕು. ಬರ್ಲಿಲ್ಲ ಅಂದ್ರೆ ಶಿವಮೊಗ್ಗಕ್ಕೆ ಕಳಿಸ್ತೇನೆ. ಇನ್ನು ಮುಂದಿಂದೂ ಅಲ್ಲಿಗೇ. ಆಮೇಲೆ ನೀವು ಬೇಜಾರು ಮಾಡ್ಕಬಾರ್ದು.” ಕೊನೆಯ ಕೆಲವು ಹಾಳೆ ಬಿಟ್ಟು ಎಲ್ಲ ಮುಗಿದಿತ್ತು. ಮುಗಿದದ್ದೆಲ್ಲ ಈ ಕೂಗುವ ಡಬ್ಬಿಯ ಹೊಟ್ಟೆಯಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ಆ ಮಳೆಗಾಲಕ್ಕೆ ನನ್ನ ಫ್ಲಾಪಿಗಳಿಗೆಲ್ಲ ಬೂಸ್ಟು ಹಿಡಿದಿತ್ತು. ಚೆನ್ನಾಗಿ ಉಳಿದ ಒಂದೇ ಒಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಿದ್ದೆ, ಕೆಲಸ ಮುಗಿದ ದಿನ ತೆಗೆದರಾಯಿತು ಎಂದು.

ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನ ಅತ್ತೆ. ಗಂಡ ಏನೋ ಕಾರ್ಯಕ್ಕೆಂದು ನರಸಿಂಹರಾಜಪುರದ ನೆಂಟರ ಮನೆಗೆ ಹೋಗಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಯಂತ್ರವನ್ನೇ ನೋಡುತ್ತಿದ್ದರು.

“ಎಂತದೇ ಅದು, ಹಂಗೆ ಕೂಗೂದು?”

“ಹಾಳಾಗಿದೆ ಅತ್ತೆ.”

“ಹಾಳಾದ್ರೆ ಸುಮ್ನಿರ್ತಿತ್ತು. ಇದು ಕೂಗ್ತಾ ಉಂಟಲ್ಲ.”

ಆಗ ನನಗೆ ಆ ಮಾತು ಹಿಡಿಸಲಿಲ್ಲ. ಮುಖ ಊದಿಸಿಕೊಂಡು ಜಗಲಿಗೆ ಹೋಗಿ ಕೊಪ್ಪದ ರಿಪೇರಿಯವನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಫೋನಿಗೆ ಜೀವ ಇತ್ತು. ಕಂಪ್ಯೂಟರನ್ನು ನಮ್ಮ ಮನೆಗೆ ತಂದು ಜೋಡಿಸಿಕೊಟ್ಟವನು ಅವನೇ. ಮಾತು ಜಾಸ್ತಿ, ಆದರೆ ಒಳ್ಳೆಯವನು.

“ಅಕ್ಕಾ, ಇವತ್ತು ಬರೂದು ಬಿಡಿ, ಸೋಮವಾರದವರೆಗೂ ಆಗೋದಿಲ್ಲ. ರಸ್ತೆ ಮೇಲೆ ಮರ ಬಿದ್ದಿದೆಯಂತೆ. ಎಂತ ಆಯ್ತು ಹೇಳಿ.”

ಹೇಳಿದೆ. ಅವನು ಒಂದೊಂದೇ ಕೇಳುತ್ತಾ ಹೋದ. ದೀಪ ಹತ್ತುತ್ತದಾ? ಹತ್ತುತ್ತದೆ. ಫ್ಯಾನು? ತಿರುಗುತ್ತದೆ. ಸುಟ್ಟ ವಾಸನೆ? ಇಲ್ಲ. ಹಾಗಾದರೆ ಕರೆಂಟ್ ಒಳಗೆ ಹೋಗುತ್ತಿದೆ, ಅದು ಸತ್ತಿಲ್ಲ ಎಂದ. ಮಾನಿಟರ್ ವಯರು ಸಡಿಲವಾಗಿದೆಯಾ ನೋಡಿ ಎಂದ. ಓಡಿ ಹೋಗಿ ನೋಡಿ ಬಂದೆ, ಬಿಗಿಯಾಗಿತ್ತು. ಹೀಗೆ ಒಂದೊಂದನ್ನೇ ‘ಇದಲ್ಲ’ ಎಂದು ಪಕ್ಕಕ್ಕಿಡುತ್ತಾ ಹೋಗುವ ಅವನ ರೀತಿ ನನಗೆ ಹೊಸದು. ಸಿಟ್ಟು ಮೆಲ್ಲಗೆ ಇಳಿಯಿತು. ಒಳಗೆ ಏನಿರಬಹುದು ಎಂಬ ಕುತೂಹಲ ಹತ್ತಿಕೊಂಡಿತು.

“ಅದು ಕೂಗೂದು ಹೆಂಗೆ? ಉದ್ದ ಉದ್ದವಾ, ಗಿಡ್ಡ ಗಿಡ್ಡವಾ?”

“ಕೂಗ್ತದೆ ಮಾರಾಯ, ಕೂಗಿದ ಹಾಗೆ ಕೂಗ್ತದೆ!”

“ಹಂಗಲ್ಲ ಅಕ್ಕಾ. ಒಂದೊಂದು ರೋಗಕ್ಕೆ ಒಂದೊಂದು ಕೂಗು. ನಂಗೆ ಕೇಳ್ಸಿ. ರಿಸೀವರ್ ಅದ್ರ ಹತ್ರ ಹಿಡೀರಿ.”

ಫೋನು ಜಗಲಿಯ ಗೋಡೆಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ. ವಯರು ಅಷ್ಟು ದೂರ ಬರುವುದಿಲ್ಲ. ಪರದೆ ಬೇಡ, ಡಬ್ಬಿಯೊಂದನ್ನೇ ಫೋನಿನ ಹತ್ತಿರ ತನ್ನಿ, ಕೂಗುವುದಕ್ಕೆ ಅದಕ್ಕೆ ಪರದೆ ಬೇಕಾಗಿಲ್ಲ ಎಂದ. ನಾನು ಒಂದು ಕಡೆ, ಅತ್ತೆ ಒಂದು ಕಡೆ ಹಿಡಿದು ಡಬ್ಬಿಯನ್ನು ಜಗಲಿಗೆ ತಂದೆವು. ಅತ್ತೆ ಹೊಸ್ತಿಲು ದಾಟುವಾಗ “ನಿಧಾನ, ನಿಧಾನ” ಎನ್ನುತ್ತಿದ್ದರು. ಅಲ್ಲೇ ಪ್ಲಗ್ ಚುಚ್ಚಿ ಗುಂಡಿ ಒತ್ತಿ, ರಿಸೀವರನ್ನು ಅದರ ಪಕ್ಕೆಗೆ ಹಿಡಿದೆ. ಅದು ಕೊಪ್ಪದವರೆಗೂ ಕೂಗಿತು.

ಆ ಕಡೆಯಿಂದ ಅವನು ಉತ್ತರಕ್ಕೆ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. “ರ್‍ಯಾಮ್” ಎಂದ. “ಕೆಲಸ ಮಾಡುವಾಗ ವಿಷಯ ಎಲ್ಲ ನೆನಪಿಟ್ಕಳ್ಳೂ ಪಟ್ಟಿ ಅದು. ಅದು ಇದೆಯಾ ಇಲ್ವಾ ಅಂತ ಬೋರ್ಡಿಗೆ ಗೊತ್ತಾಗ್ತಿಲ್ಲ. ಅದಕ್ಕೇ ಕೂಗೂದು.”

ನಾನು ಮೊದಲು ಕೇಳಿದ್ದು ಒಂದೇ: “ನಾನು ಟೈಪ್ ಮಾಡಿದ್ದೆಲ್ಲ ಹೋಯ್ತಾ?”

“ಅದು ಡಬ್ಬಿಯೊಳಗೇ ಬೇರೆ ಪೆಟ್ಟಿಗೇಲಿ ಇರ್ತದೆ, ಹೆದರ್ಬೇಡಿ. ಆದ್ರೆ ಇದು ಸರಿ ಆಗದೆ ಅದು ಸಿಗೂದಿಲ್ಲ. ನೀವೇ ಬಿಚ್ಚಿ.”

ಹೊಸ ಸೊಸೆ ಎಂಬ ಹೆಸರು ಇನ್ನೂ ಪೂರ್ತಿ ಹೋಗಿರದ ನಾನು, ಹಟ ಮಾಡಿ ತರಿಸಿದ ಯಂತ್ರವನ್ನು ನಾನೇ ಬಿಚ್ಚಿ ಹಾಳು ಮಾಡಿದೆ ಎಂದಾದರೆ ಇನ್ನೊಂದು ಯಂತ್ರ ಮನೆಗೆ ಬರುವ ಮಾತೇ ಇಲ್ಲ. ಆದರೂ ಒಳಗೆ ಹೇಗಿರುತ್ತದೆ ಎಂದು ನೋಡುವ ಆಸೆ ಹೆದರಿಕೆಗಿಂತ ಒಂದು ತೂಕ ಜಾಸ್ತಿಯೇ ಇತ್ತು. ಪ್ಲಗ್ ಕಿತ್ತೆ. ಅವನು ಹೇಳಿದಂತೆ ಕಿಟಕಿಯ ಕಬ್ಬಿಣದ ಸರಳು ಮುಟ್ಟಿದೆ, ಮೈಮೇಲಿನ ವಿದ್ಯುತ್ತು ಇಳಿದು ಹೋಗಲಿ ಎಂದು. ಅತ್ತೆ ರಿಸೀವರನ್ನು ನನ್ನ ಕಿವಿಗೆ ಒತ್ತಿ ಹಿಡಿದು ನಿಂತರು. ನಾನು ಸ್ಕ್ರೂ ತಿರುಗಿಸಿ ಪಕ್ಕದ ತಗಡನ್ನು ಎಳೆದೆ.

ಒಳಗೆ ಎಷ್ಟೊಂದು ಖಾಲಿ ಜಾಗ! ಇಷ್ಟೆಲ್ಲ ಮಾಡುವ ಯಂತ್ರದ ಹೊಟ್ಟೆ ಒತ್ತೊತ್ತಾಗಿ ತುಂಬಿರುತ್ತದೆ ಎಂದುಕೊಂಡಿದ್ದೆ. ಒಂದು ಹಸಿರು ಹಲಗೆ, ಅದರ ಮೇಲೊಂದು ಫ್ಯಾನು, ಚಪ್ಪಟೆ ವಯರುಗಳು. ನನ್ನ ಸ್ಮರಣ ಸಂಚಿಕೆ ಇದ್ದ ಪೆಟ್ಟಿಗೆ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಹಲಗೆಯ ಮೇಲೆ ನೆಟ್ಟಗೆ ನಿಂತ ಸಪೂರ ಪಟ್ಟಿಯೇ ರ್‍ಯಾಮ್. ಎರಡೂ ತುದಿಯ ಬಿಳಿ ಕೊಕ್ಕೆ ಒತ್ತಿದರೆ ಎದ್ದು ಬರುತ್ತದೆ ಎಂದ. ಒತ್ತಿದೆ, ಬಂತು. ಕೆಳಗಿನ ಅಂಚಿನಲ್ಲಿ ಸಾಲಾಗಿ ಹಲ್ಲುಗಳಿದ್ದವು.

“ಹಲ್ಲು ಚಿನ್ನದ ಬಣ್ಣ ಇರ್ಬೇಕು. ಇದೆಯಾ?”

“ಇಲ್ಲ. ಕಾಫಿ ಕಷಾಯದ ಬಣ್ಣ.”

“ಹಾಂ! ತಂಡಿಗೆ ಹಂಗೆ ಆಗ್ತದೆ. ಪೆನ್ಸಿಲ್ ಅಳಿಸೂ ರಬ್ಬರ್ ತಗಂಡು ಉಜ್ಜಿ.”

ಇಂಥ ಯಂತ್ರಕ್ಕೆ ರಬ್ಬರು ಔಷಧಿಯೇ ಎಂದು ನಗು ಬಂತು. ತಂದು ಉಜ್ಜಿದೆ. ಹಲ್ಲು ಹೊಳೆಯತೊಡಗಿತು, ಆದರೆ ರಬ್ಬರು ಜಾರಲಿಲ್ಲ, ಹಿಡಿದುಕೊಂಡಿತು. ನೋಡಿದರೆ ಕಂದು ಬಣ್ಣದ ಅಂಟು.

“ಅಂಟಾ?” ಎಂದ ಅವನು. “ಅಂಟು ಹೆಂಗೆ ಬರ್ತದೆ ಅಕ್ಕಾ? ಧೂಳು ನೋಡಿದೇನೆ, ತುಕ್ಕು ನೋಡಿದೇನೆ, ಹಲ್ಲಿ ಮೊಟ್ಟೆ ಇಟ್ಟಿದ್ದೂ ನೋಡಿದೇನೆ. ಅಂಟು ನೋಡಿಲ್ಲ.”

ನನಗೂ ವಿಚಿತ್ರವೆನಿಸಿತು. ಬೆರಳಿನಿಂದ ಹಲಗೆ ಮುಟ್ಟಿದೆ, ಅಲ್ಲೂ ತೆಳ್ಳಗೆ ಅದೇ ಅಂಟು. ಫ್ಯಾನಿನ ರೆಕ್ಕೆಗಳ ಮೇಲೆ ಅಡುಗೆಮನೆಯ ಮಾಡಿನ ಮಸಿಯಂತೆ ದಪ್ಪಗೆ ಕೂತಿತ್ತು. ಬೆರಳನ್ನು ಮೂಗಿಗೆ ಹಿಡಿದೆ. ಗೊತ್ತಿರುವ ವಾಸನೆ, ಬಹಳ ಚೆನ್ನಾಗಿ ಗೊತ್ತಿರುವ ವಾಸನೆ. ಬಾಣಂತಿ ಕೋಣೆಯದು. ನಮ್ಮ ಕಡೆ ಮಗುವಿಗೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಧೂಪದ ಮರದ ಅಂಟು ಉದುರಿಸಿ, ಆ ಹೊಗೆಗೆ ಮಗುವನ್ನು ಹಿಡಿದು ಮೈ ಆರಿಸುತ್ತಾರೆ, ತಂಡಿ ಆಗದಿರಲೆಂದು. ಕಂಪ್ಯೂಟರಿನೊಳಗೆ ಆ ವಾಸನೆ ಘಮಘಮಿಸುತ್ತಿತ್ತು.

ತಲೆ ಎತ್ತಿ ಅತ್ತೆಯನ್ನು ನೋಡಿದೆ. ಅವರು ರಿಸೀವರನ್ನು ನನ್ನ ಕಿವಿಗೆ ಹಿಡಿದುಕೊಂಡೇ ಬೇರೆ ಕಡೆ ನೋಡುತ್ತಿದ್ದರು.

“ಅತ್ತೆ, ಇದಕ್ಕೆ ಹೊಗೆ ಹಾಕಿದ್ರಾ?”

“ಆ ಹುಡುಗನೇ ಹೇಳಿದ್ದಲ್ವನೇ, ತಂದಿಟ್ಟ ದಿನ? ‘ಅಮ್ಮಾ, ಇದಕ್ಕೆ ತಂಡಿ ಆಗ್ಬಾರ್ದು’ ಅಂತ.”

ನಾನು ಮಧ್ಯಾಹ್ನ ಯಂತ್ರವನ್ನು ಆರಿಸದೆ ಹಾಲು ಕರೆಯುವುದಕ್ಕೆ ಹೋಗುತ್ತಿದ್ದೆ. ಆಗ ಅತ್ತೆ ಕೆಂಡದ ಬಟ್ಟಲು ತಂದು ಡಬ್ಬಿಯ ಪಕ್ಕದಲ್ಲಿ ಇಡುತ್ತಿದ್ದರಂತೆ, ಮಳೆ ಹಿಡಿದಾಗಿನಿಂದ ದಿನವೂ. ನಾನು ಬರುವಷ್ಟರಲ್ಲಿ ಒಲೆಯ ಹೊಗೆ ಅದರ ವಾಸನೆಯನ್ನು ಮುಚ್ಚಿಬಿಡುತ್ತಿತ್ತು. “ಎಷ್ಟು ಚೆಂದ ಎಳ್ಕಳ್ತದೆ ಗೊತ್ತುಂಟಾ? ನಮ್ಮ ಮಕ್ಕಳು ಹೊಗೆಗೆ ಹಿಡಿದ್ರೆ ಕಿರುಚ್ತಿದ್ವು. ಇದು ಪಾಪ, ಸುಮ್ನೆ ಎಳ್ಕಳ್ತಿತ್ತು,” ಎಂದರು.

ಫೋನಿನೊಳಗೆ ರಿಪೇರಿಯವನು ನಗುವುದು ಕೇಳಿಸುತ್ತಿತ್ತು. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ನಿಮಗೆ ಯಾರು ಹೇಳಿದ್ದು ನನ್ನ ವಸ್ತು ಮುಟ್ಟಿ ಎಂದು, ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಬಾಯಿ ಬಿಡುವ ಮೊದಲು ಅತ್ತೆಯೇ ಕೇಳಿದರು.

“ನಿನ್ನ ಕೆಲಸ ಹೋಯ್ತನೇ?”

ಕಂಪ್ಯೂಟರ್ ಹೋಯಿತೇ ಎಂದು ಕೇಳಲಿಲ್ಲ. ನನ್ನ ಕೆಲಸ ಹೋಯಿತೇ ಎಂದು ಕೇಳಿದರು. ಅವರೇ ಮುಂದುವರಿಸಿದರು.

“ನಂಗೊಂದು ಹೊಲಿಗೆ ಮಿಷನ್ ಇತ್ತು, ಅಪ್ಪ ಕೊಟ್ಟಿದ್ದು. ಸುತ್ತಿನ ಹೆಂಗಸ್ರ ರವಕೆ ಎಲ್ಲ ನಾನೇ ಹೊಲೀತಿದ್ದೆ. ಬಾಣಂತನಕ್ಕೆ ಅಂತ ತವರಿಗೆ ಹೋದೆ. ಮಳೆಗಾಲ ಕಳೆದು ಬರುವಾಗ ತುಕ್ಕು ತಿಂದು ಗಟ್ಟಿಯಾಗಿ ಕೂತಿತ್ತು, ಚಕ್ರ ಅಲ್ಲಾಡ್ಲಿಲ್ಲ. ಒಂದು ಬಟ್ಟೆ ಮುಚ್ಚುವವ್ರೂ ಇರ್ಲಿಲ್ಲ ಮಾರಾಯ್ತಿ. ಆಮೇಲೆ ಹೊಲೀಲೇ ಇಲ್ಲ ನಾನು. ನಿಂದೂ ಹಂಗೆ ಆಗೂದು ಬೇಡ ಅಂತ...”

ಅವರು ಹೊಲಿಯುತ್ತಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದೆವು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅವರ ಮೇಲಿದ್ದ ಸಿಟ್ಟು ಎತ್ತ ಹೋಯಿತೋ.

“ಅಕ್ಕಾ, ಇದೀರಾ?” ಎಂದ ಫೋನಿನಲ್ಲಿದ್ದವನು. ಈಗ ಅವನೂ ನಗುತ್ತಿರಲಿಲ್ಲ.

ಇದ್ದೇನೆ ಎಂದೆ. ಹಲ್ಲುಗಳನ್ನು ಎರಡೂ ಬದಿ ಹೊಳೆಯುವವರೆಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಪಟ್ಟಿಯನ್ನು ಕೂರಿಸಿದೆ. ಪ್ಲಗ್ ಹಾಕಿ ಗುಂಡಿ ಒತ್ತಿದರೆ ಮತ್ತೆ ಅದೇ ಉದ್ದನೆಯ ಕೂಗು. ಅತ್ತೆ ಕಣ್ಣು ಮುಚ್ಚಿಕೊಂಡರು. ಹಾಗಾದರೆ ಪಟ್ಟಿ ಕೂರುವ ಸಂದಿಯೊಳಗೂ ಅಂಟು ಇಳಿದಿರಬೇಕು, ಪಕ್ಕದಲ್ಲೇ ಖಾಲಿ ಸಂದಿ ಇನ್ನೊಂದಿದೆ, ಅದರಲ್ಲಿ ಹಾಕಿ ನೋಡಿ ಎಂದ ಅವನು. ಪ್ಲಗ್ ಕಿತ್ತು, ಪಟ್ಟಿ ತೆಗೆದು, ಅಲ್ಲಿ ಮುಚ್ಚಿದ್ದ ಧೂಳನ್ನು ಊದಿದೆ. ಆ ಧೂಳೇ ಅದನ್ನು ಕಾಪಾಡಿತ್ತೋ ಏನೋ. ಪಟ್ಟಿಯನ್ನು ಒತ್ತಿದೆ, ಎರಡೂ ಕೊಕ್ಕೆಗಳು ಟಕ್ಕೆಂದು ಹಿಡಿದುಕೊಂಡವು. ಪ್ಲಗ್ ಹಾಕಿ ಗುಂಡಿ ಒತ್ತಿದೆ.

‘ಪಿಕ್’ ಎಂದಿತು. ಒಂದೇ ಒಂದು ಸಲ.

“ಅದೇ! ಅದೇ ಅಕ್ಕಾ!” ಎಂದು ಕೊಪ್ಪದಿಂದ ಅವನು ಕೂಗಿದ್ದು ಅತ್ತೆಗೂ ಕೇಳಿಸಿತು.

ಡಬ್ಬಿಯನ್ನು ಒಳಗೆ ಹೊತ್ತು ಪರದೆಗೆ ಜೋಡಿಸಿದೆವು. ನಾನು ಮೊದಲು ಸ್ಮರಣ ಸಂಚಿಕೆಯನ್ನು ತೆರೆದು ನೋಡಿದೆ. ಎಲ್ಲ ಇತ್ತು. ಅಕ್ಕಿ ಡಬ್ಬಿಯಿಂದ ಫ್ಲಾಪಿ ತೆಗೆದು, ಕೆಲಸ ಮುಗಿಯುವವರೆಗೆ ಕಾಯದೆ ಆಗಲೇ ತುಂಬಿಟ್ಟುಕೊಂಡೆ. ಉಳಿದ ಹಾಳೆಗಳನ್ನು ಶನಿವಾರ, ಭಾನುವಾರ ಕೂತು ಮುಗಿಸಿದೆ. ಕೊಟ್ಟಿಗೆಯ ಕೆಲಸವೆಲ್ಲ ಅತ್ತೆಯೇ ಮಾಡಿದರು, ನನ್ನನ್ನು ಕರೆಯಲಿಲ್ಲ. ಒಮ್ಮೆ ಬಂದು, ದೂರವೇ ನಿಂತು, “ಹೊಗೆ ಬೇಡ ಅಂದ್ರೆ ಬರೀ ಬಿಸಿ ಬಟ್ಟೆ ಮುಚ್ಬಹುದಾ, ಕೇಳು ಅವನ್ನ,” ಎಂದರು.

ಸೋಮವಾರ ದಾರಿ ತೆರೆಯಿತು. ಬಸ್ಸಿನಲ್ಲಿ ಶೃಂಗೇರಿಗೆ ಹೋಗಿ, ಅಲ್ಲಿಂದ ಇನ್ನೊಂದು ಹಿಡಿದು ಕೊಪ್ಪಕ್ಕೆ ಹೋದೆ. ಪ್ರೆಸ್ಸಿನವರು ಫ್ಲಾಪಿ ಹಾಕಿ ನೋಡಿದರು, ತಲೆಯಾಡಿಸಿದರು. ಸಂಜೆ ನಾನು ಮನೆಗೆ ಬರುವಾಗ ಅತ್ತೆ ಗೇಟಿನವರೆಗೂ ಬಂದು ನಿಂತಿದ್ದರು. ಫ್ಲಾಪಿ ಸರಿಯಿತ್ತೇ, ಬೈದರೇ, ಏನೂ ಕೇಳಲಿಲ್ಲ.

“ಇನ್ನೂ ಕೊಟ್ರನೇ?” ಎಂದರು.

ಕೊಡೆಯ ಕೆಳಗೆ ಎದೆಗೆ ಅವುಚಿಕೊಂಡಿದ್ದ ಹೊಸ ಹಾಳೆಗಳ ಕಟ್ಟನ್ನು ತೋರಿಸಿದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನೊಳಗೆ ಮುಚ್ಚಿ ಹಿಡಿದು, ನನಗಿಂತ ಮುಂದೆ ಸರಸರನೆ ಮನೆಯೊಳಗೆ ನಡೆದರು.